ಕಪ್ಪತಗುಡ್ಡದ ಮೇಲೆ ಹತ್ತು ನಿಮಿಷ

ಭೂಗೋಳ ಎಂ.ಎ. ಎರಡನೇ ವರ್ಷದ ಆಷಾಢದಲ್ಲಿ, ಗಾಳಿ ಅಳೆಯುವುದನ್ನು ಕಲಿಸಲು ನಮ್ಮ ಮೇಷ್ಟ್ರು, ಅಂದರೆ ಸರ್, ನಮ್ಮನ್ನು ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ ಕರೆದುಕೊಂಡು ಹೋದರು. ಧಾರವಾಡ ಬಿಡುವಾಗ ಜಿಟಿಜಿಟಿ ಮಳೆ. ಹುಬ್ಬಳ್ಳಿ ದಾಟಿ ಅಣ್ಣಿಗೇರಿಗೆ ಬರುವಷ್ಟರಲ್ಲಿ ರಸ್ತೆ ಒಣಗಿತ್ತು. ಗದಗಿನಲ್ಲಿ ಮೋಡ ಇತ್ತು, ಹನಿ ಇರಲಿಲ್ಲ. ಗಾಳಿ ಮಾತ್ರ ಜೋರು.

"ಇವತ್ತಿನ ಪಾಠ ಅರ್ಧ ಬಸ್ಸಿನಾಗ ಮುಗೀತ ನೋಡ್ರಿ" ಅಂದರು ಸರ್.

ನಿಜವೇ. ಅರಬ್ಬಿ ಸಮುದ್ರದ ಗಾಳಿ ಸಹ್ಯಾದ್ರಿ ಹತ್ತುವಾಗ ತಣ್ಣಗಾಗಿ ಮಳೆ ಸುರಿಸುತ್ತದೆ. ಈ ಕಡೆ ಇಳಿಯುವಾಗ ಬೆಚ್ಚಗಾಗಿ ಒಣಗುತ್ತದೆ. ಧಾರವಾಡಕ್ಕೆ ಒಂದಿಷ್ಟು ಸಿಗುತ್ತದೆ. ಗದಗಿಗೆ ಬರುವ ಹೊತ್ತಿಗೆ ಗಾಳಿ ಉಳಿದಿರುತ್ತದೆ, ನೀರು ಉಳಿದಿರುವುದಿಲ್ಲ.

ಗುಡ್ಡದ ಮೇಲೆ ಸರ್ ಗಾಳಿಯ ವೇಗ ಅಳೆಯುವ ಅನಿಮೋಮೀಟರ್ ನನ್ನ ಕೈಗೆ ಕೊಟ್ಟರು. ಮೂರು ಸಣ್ಣ ಬಟ್ಟಲುಗಳು ಗಿರ್ರನೆ ತಿರುಗಿದವು. ನಾನು ಕಂಡ ಅಂಕಿಯನ್ನು ಕೂಗಿದೆ.

"ಒಂದ ಕ್ಷಣದ ಗಾಳಿ ಬರೀಬ್ಯಾಡವಾ. ಹತ್ತ ನಿಮಿಷದ ಸರಾಸರಿ ತಗಿ."

ಕೈ ಚಾಚಿ ನಿಂತೆ. ಭುಜ ನೋಯತೊಡಗಿತು. ಪಕ್ಕದಲ್ಲೊಂದು ಜಾಲಿ ಮರ. ಪಡುವಣ ಕಡೆಯ ಕೊಂಬೆಗಳೆಲ್ಲ ಮೋಟು, ಮೂಡಣ ಕಡೆಯವು ಮಾತ್ರ ಉದ್ದ. ಎಷ್ಟೋ ವರ್ಷದ ಗಾಳಿಯ ದಿಕ್ಕು ಆ ಮರದಲ್ಲೇ ದಾಖಲಾಗಿತ್ತು. ಸರ್ ಅದನ್ನು ಪೆನ್ಸಿಲ್ಲಿನಲ್ಲಿ ಬಿಡಿಸಿಕೊಂಡರು. ದಿಕ್ಸೂಚಿ ಇಟ್ಟು ವಾಲಿದ ಕೋನವನ್ನೂ ಬರೆದರು.

ದೂರದಲ್ಲಿ ವಿಂಡ್‌ಮಿಲ್‌ಗಳು ತಿರುಗುತ್ತಿದ್ದವು. ಗಾಳಿಯ ವೇಗ ಎರಡು ಪಟ್ಟಾದರೆ ಅದರೊಳಗಿನ ಶಕ್ತಿ ಎಂಟು ಪಟ್ಟಾಗುತ್ತದೆ. ವೇಗ ಅಳೆಯುವಾಗ ಸಣ್ಣ ತಪ್ಪಾದರೂ ಲೆಕ್ಕ ಎಲ್ಲಿಗೋ ಹೋಗುತ್ತದೆ ಅಲ್ವಾ? ಹತ್ತು ನಿಮಿಷದ ಹಟ ಯಾಕೆ ಅಂತ ಆಗ ತಿಳಿಯಿತು.

ಬುತ್ತಿ ಬಿಚ್ಚಿದಾಗ ಸರ್ ತಮ್ಮ ನೌಕರಿಯ ಕತೆ ಹೇಳಿದರು. ಲೆಕ್ಚರರ್, ರೀಡರ್, ಪ್ರೊಫೆಸರ್ ಎಂಬ ಮೆಟ್ಟಿಲುಗಳ ಬಗ್ಗೆ ಎರಡೇ ಮಾತು. ಉಳಿದದ್ದೆಲ್ಲ ಗಾಳಿಯದ್ದೇ. ಯಾವ ದಿಕ್ಕಿನಿಂದ ಎಷ್ಟು ಗಾಳಿ ಬೀಸಿತೆಂದು ತೋರಿಸುವ, ಗ್ರಾಫ್ ಹಾಳೆಯ ಮೇಲೆ ಕೈಯಿಂದಲೇ ಬಿಡಿಸಿದ ವಿಂಡ್ ರೋಸ್ ಚಿತ್ರಗಳು, ಹಳ್ಳಿ ಶಾಲೆಯ ಮಾಳಿಗೆ ಮೇಲೆ ಗಾಳಿ ಅಳೆಯುವ ಕಂಬ ನಿಲ್ಲಿಸಲು ಬೇಡಿಕೊಂಡದ್ದು, ಹಬ್ಬದ ದಿನವೂ ಬೆಳಗಿನ ಎಂಟೂವರೆಗೆ ತಪ್ಪದೆ ಅಳತೆಯ ಅಂಕಿ ಬರೆದುಕೊಂಡದ್ದು.

ಹವಾಗುಣದ ಸರಾಸರಿ ತೆಗೆಯಲು 30 ವರ್ಷದ ದಾಖಲೆ ಬೇಕು. ಅಂದರೆ ಒಬ್ಬ ಮೇಷ್ಟ್ರ ಇಡೀ ನೌಕರಿಗೆ ಸಿಗುವುದು ಅಂಥ ಒಂದೇ ಸರಾಸರಿ. ಹವಾಗುಣ ಬದಲಾಗಿದೆಯೇ ಎಂದು ನೋಡಲು ಅದರ ಪಕ್ಕಕ್ಕೆ ಇನ್ನೊಂದು ಬೇಕು. ಅದನ್ನು ಮುಂದಿನವರೇ ತೆಗೆಯಬೇಕು. ಇಷ್ಟು ನಿಧಾನದ ಕೆಲಸಕ್ಕೆ ಒಬ್ಬರು ಜೀವ ತೇಯುತ್ತಾರಲ್ಲ, ಅದು ನನಗೆ ಇವತ್ತಿಗೂ ದೊಡ್ಡದು ಅನಿಸುತ್ತದೆ.

ಇಳಿದು ಬರುವಾಗ ಹೆಸರಿನ ಹೊಲದಲ್ಲಿ ಒಬ್ಬ ಅಜ್ಜ ಸಿಕ್ಕರು. "ಅಜ್ಜಾರ, ಮಳಿ ಯಾವಾಗ್ರಿ?" ಸರ್ ಕೇಳಿದರು.

"ಈ ಪಡುವಲ ಗಾಳಿ ನಿಲ್ಲೂತನಕ ದೊಡ್ಡ ಮಳಿ ಇಲ್ರಿ. ಇದು ನಿಂತ ಮ್ಯಾಲ ಮೂಡಲಿಂದ ಬರ್ತೈತಿ."

ಸರ್ ಆ ಮಾತನ್ನೂ ಪುಸ್ತಕದಲ್ಲಿ ಬರೆದುಕೊಂಡರು. ಗದಗ ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ದೊಡ್ಡದು. ಆಗ ಪಡುವಣ ಗಾಳಿಯ ಜೋರು ಇಳಿದಿರುತ್ತದೆ. ಮಳೆ ಮಾಪನದ ಲೆಕ್ಕವೂ ಅಜ್ಜನ ಮಾತನ್ನೇ ಹೇಳುತ್ತದೆ.

ಸರ್ ನಿವೃತ್ತರಾದ ಮೇಲೆ ಆ ಪುಸ್ತಕಗಳು ನನ್ನ ಪಾಲಿಗೆ ಬಂದಿವೆ. ಈಗ ನಾನೂ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತೇನೆ. ಸಂಜೆ ಕೂತು ಒಂದೊಂದೇ ಪುಟ ಕಂಪ್ಯೂಟರಿಗೆ ಏರಿಸುತ್ತಿದ್ದೇನೆ. ಗದಗ, ಮುಂಡರಗಿ, ಶಿರಹಟ್ಟಿ ಕಡೆಯ ವಿದ್ಯಾರ್ಥಿಗಳು ಯಾರಾದರೂ ತಮ್ಮೂರಿನ ಗಾಳಿ ಅಳೆಯಲು ಮುಂದೆ ಬಂದರೆ, ಅನಿಮೋಮೀಟರ್ ಕೊಟ್ಟು ಕಲಿಸಲು ನಾನು ತಯಾರಿದ್ದೇನೆ.