ಕುದುರೆಗೆ ಎಷ್ಟು ಕಿವಿ?

"ಇಷ್ಟು ಶಬ್ದಕ್ಕೆ ಕುದ್ರೆ ಕಿವಿ ಗತಿ ಏನು ಮಾರಾಯ? ಅವ್ರನ್ನ ಕೇಳು."

ಶನಿವಾರದಿಂದ ಅಮ್ಮನ ಈ ಮಾತು ತಲೆಯಲ್ಲೇ ಸುತ್ತುತ್ತಿದೆ. ಯಾಕೆಂದರೆ ನಾನು ಕೇಳಲಿಲ್ಲ.

ತೀರ್ಥಹಳ್ಳಿಯಿಂದ ಬಂದ ಅಮ್ಮನಿಗೆ ಅರಿಜೋನಾದ ಮಾಲು, ದೇವಸ್ಥಾನ ಎಲ್ಲ ತೋರಿಸಿ ಮುಗಿದಿತ್ತು. ಫೀನಿಕ್ಸ್ ಹೊರಗೆ ಕೌಬಾಯ್ ಮೌಂಟೆಡ್ ಶೂಟಿಂಗ್, ಅಂದರೆ ಓಡುವ ಕುದುರೆಯ ಮೇಲಿಂದ ಬಲೂನು ಹೊಡೆಯುವ ಪಂದ್ಯ, ಇದೆ ಎಂದು ಆಫೀಸಿನ ಗೆಳೆಯ ಕರೆದುಕೊಂಡು ಹೋದ. ಊಟ ಮಾಡುವಾಗಲೂ ವಾಚ್ ನೋಡುವ ಆಸಾಮಿ. ಸೆಕೆಂಡಿನ ಲೆಕ್ಕದ ಈ ಆಟ ಅವನಿಗೆ ಇಷ್ಟವಾಗದೆ ಇನ್ನೇನು?

ಕಂಬಗಳ ಮೇಲೆ 10 ಬಲೂನು. ಸವಾರರ ಸೊಂಟದಲ್ಲಿ ಹಳೇ ಕಾಲದ ಮಾದರಿಯ ಎರಡು ರಿವಾಲ್ವರ್, ಒಂದೊಂದರಲ್ಲಿ ಐದೇ ಈಡು. ಪ್ರತಿ ಈಡಿಗೂ ಹೆಬ್ಬೆರಳಲ್ಲಿ ಕುದುರೆ ಎಳೆಯಬೇಕು. (ಕೋವಿಯ ಕುದುರೆ. ಕೆಳಗಿನ ಕುದುರೆ ಅದರ ಪಾಡಿಗೆ ಓಡುತ್ತಿರುತ್ತದೆ.) ಗುಂಡೂ ಇಲ್ಲ, ಚರೆಯೂ ಇಲ್ಲ. ಉರಿಯುವ ಕರಿಮದ್ದಿನ ಕಿಡಿ ತಾಗಿಯೇ ಬಲೂನು ಒಡೆಯುತ್ತದೆ. ಒಂದು ತಪ್ಪಿದರೆ 5 ಸೆಕೆಂಡ್ ದಂಡ.

ತಲೆ ನರೆತ ಒಬ್ಬ ಹೆಂಗಸು ಓಟ ಮುಗಿಸಿ ಕುದುರೆಗೆ ನೀರು ಕುಡಿಸುತ್ತಿದ್ದರು. ಅಮ್ಮ ಸೀದಾ ಅಲ್ಲಿಗೇ ಹೋಗಿ ನನಗೆ ಕೇಳು ಅಂದಳು. ನನಗೋ ಮುಜುಗರ. ಬಂದೂಕಿನ ವಿಷಯದಲ್ಲಿ ಇಲ್ಲಿಯವರನ್ನು ಕೆಣಕಿದ ಹಾಗಾಗುತ್ತದೆ ಎನ್ನಿಸಿತು. ಇಂಗ್ಲಿಷಿನಲ್ಲಿ, "ಎಷ್ಟು ಸೆಕೆಂಡಾಯಿತು?" ಎಂದು ಕೇಳಿದೆ. ಹದಿನೆಂಟು, ಒಂದು ತಪ್ಪಿತು, ಅದಕ್ಕೆ ಇನ್ನೈದು ಅಂದರು. ನಾನು ಅಮ್ಮನಿಗೆ, "ಏನೂ ಆಗಲ್ವಂತೆ" ಅಂದೆ.

"ಎಯ್ಟೀನು, ಫೈವು ಅಂದ್ರಲ್ಲ. ಕುದ್ರೆಗೆ ಎಷ್ಟು ಕಿವಿ?"

ಆಮೇಲೆ ಅಮ್ಮ ನನ್ನನ್ನು ನೆಚ್ಚಲಿಲ್ಲ. ತನ್ನ ಕಿವಿ ಮುಟ್ಟಿ, ಕುದುರೆಯ ಕಿವಿ ತೋರಿಸಿ, "ಢಂ" ಅಂದಳು. ಆ ಹೆಂಗಸಿನ ಮುಖ ಅರಳಿತು. ಕುದುರೆಯ ಕಿವಿಯಿಂದ ಒಂದು ಮೆತ್ತನೆ ಉಂಡೆ ತೆಗೆದು ಅಮ್ಮನ ಅಂಗೈಗಿಟ್ಟರು. ಬೆಚ್ಚಗಿತ್ತಂತೆ. ಮೊದಲು ದೂರದಲ್ಲಿ ಸಣ್ಣ ಸದ್ದು ಮಾಡಿ, ದಿನಾ ಸ್ವಲ್ಪ ಸ್ವಲ್ಪ ಹತ್ತಿರ ತಂದು ಪಳಗಿಸುವುದನ್ನು ಕೈಸನ್ನೆಯಲ್ಲೇ ವಿವರಿಸಿದರು. ಕೆಣಕಿದ ಹಾಗಾಗಲಿಲ್ಲ. ನನ್ನ ಪ್ರಶ್ನೆಗೆ ಅವರು ಇಷ್ಟು ಮಾತಾಡಿರಲಿಲ್ಲ.

ದೀಪಾವಳಿಯಲ್ಲಿ ಅಮ್ಮ ನನ್ನ ಕಿವಿಗೆ ಹತ್ತಿ ತುರುಕಿಯೇ ಅಂಗಳಕ್ಕೆ ಬಿಡುತ್ತಿದ್ದಳು. ಅದು ನನಗೆ ನೆನಪಾಗಲೇ ಇಲ್ಲ ನೋಡಿ. ಹನ್ನೆರಡು ವರ್ಷದಿಂದ ಇಲ್ಲಿದ್ದೇನೆ. ಜನ ಸಲೀಸಾಗಿ ಉತ್ತರ ಕೊಡುವಂಥದ್ದನ್ನು ಮಾತ್ರ ಕೇಳುವುದು ಯಾವಾಗ ಅಭ್ಯಾಸವಾಯಿತೋ. ಆಫೀಸಿನಲ್ಲೂ ಅಷ್ಟೇ, ಪಕ್ಕದ ಮನೆಯವರ ಹತ್ತಿರವೂ ಅಷ್ಟೇ.

ನಿನ್ನೆ ರಾತ್ರಿ ಅಮ್ಮ ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದಳು. ಬಲೂನಿನ ಸುದ್ದಿಯೇ ಇಲ್ಲ. "ಕುದ್ರೆ ಕಿವಿಗೂ ಹತ್ತಿ ಇಡ್ತಾರೆ ಕಣೆ. ನಮ್ಮ ಹುಡುಗನೇ ಕೇಳಿ ಹೇಳ್ದ."