75 ಕ್ರೆಡಿಟ್ ಬಾಕಿ

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಪಕ್ಕದ ಮನೆಯ ಹುಡುಗನಿಗೆ ಈಗ ಹದಿನೇಳು. ಹೈಸ್ಕೂಲು ಬಿಟ್ಟು ಪಿಜ್ಜಾ ಅಂಗಡಿ ಸೇರಿದ್ದವನು ಈ ವರ್ಷ ಮತ್ತೆ ಶಾಲೆಗೆ ಹೊರಟಿದ್ದಾನೆ. ಮೊನ್ನೆ ಕಸದ ಡಬ್ಬಿ ಹೊರಗಿಡುವಾಗ ಸಿಕ್ಕ. "ಎಷ್ಟರಲ್ಲಿ ಫೇಲಾಗಿತ್ತು?" ಎಂದರೆ, "ಫೇಲಲ್ಲ, ಆಂಟಿ. 75 ಕ್ರೆಡಿಟ್ ಬಾಕಿ ಇದೆ" ಎಂದ. ಸಾಲದ ಕಂತಿನ ಲೆಕ್ಕ ಹೇಳಿದಷ್ಟು ಸಲೀಸಾಗಿ.

ಕ್ಯಾಲಿಫೋರ್ನಿಯಾದ ಬಹಳಷ್ಟು ಶಾಲೆಗಳಲ್ಲಿ ಒಂದು ವಿಷಯವನ್ನು ಅರ್ಧ ವರ್ಷ ಓದಿ ಪಾಸಾದರೆ 5 ಕ್ರೆಡಿಟ್. ಹೈಸ್ಕೂಲು ಮುಗಿಸಲು 220 ಬೇಕು ಎನ್ನುವ ಕಡೆಗಳು ಹಲವು. ದಿನಕ್ಕೆ ಆರು ಪೀರಿಯಡ್ಡಿನ ಮಾಮೂಲಿ ಶಾಲೆಯಲ್ಲಿ ವರ್ಷಕ್ಕೆ 60 ಸಿಗುತ್ತದೆ, ಹಾಗಾಗಿ 75 ಎಂದರೆ ವರ್ಷಕ್ಕೂ ಮೀರಿದ ಕೆಲಸ. ಇಂಥವರಿಗೆಂದೇ ಕಂಟಿನ್ಯೂಯೇಷನ್ ಹೈಸ್ಕೂಲುಗಳಿವೆ. 16 ತುಂಬಿರಬೇಕು, ವಾರಕ್ಕೆ ಕನಿಷ್ಠ 15 ಗಂಟೆ ತರಗತಿ, ಉಳಿದ ಹೊತ್ತು ಕೆಲಸಕ್ಕೆ ಹೋಗಬಹುದು. ಮಾಡಿ ಮುಗಿಸಿದಷ್ಟು ಪಾಠಕ್ಕೆ ಅಷ್ಟಷ್ಟೇ ಕ್ರೆಡಿಟ್ ಬರೆದುಕೊಳ್ಳುತ್ತಾರೆ, ಆದ್ದರಿಂದ ಚುರುಕಾಗಿ ಮುಗಿಸಿದವರು ಬೇಗ ಮುಂದೆ ಹೋಗುತ್ತಾರೆ.

ಎಡವುವುದು ಹೆಚ್ಚಾಗಿ ಕಾಗದದಲ್ಲೇ. ನಡುವೆ ಶಾಲೆ ಬಿಟ್ಟವನ ಟ್ರಾನ್ಸ್‌ಕ್ರಿಪ್ಟಿನಲ್ಲಿ, ಅಂದರೆ ಅಂಕಪಟ್ಟಿಯಲ್ಲಿ, ಆ ಅವಧಿಗೆ ಸೊನ್ನೆ ಬಿದ್ದಿರುತ್ತದೆ. ಎಂಟು ವಾರ ಕೂತು ಓದಿದ ಜ್ಯಾಮಿತಿಗೆ ಒಂದಿಷ್ಟು ಕ್ರೆಡಿಟ್ ಆದರೂ ಸಿಗಬೇಕಿತ್ತಲ್ಲ ಎಂದು ಹಳೆಯ ಶಾಲೆಯ ಕೌನ್ಸೆಲರನ್ನು ಕೇಳಬೇಕು. ಕೇಳದಿದ್ದರೆ ಅದೇ ಪಾಠ ಮೊದಲಿನಿಂದ. ಇನ್ನೊಂದು, ಆನ್‌ಲೈನ್ ಕೋರ್ಸಿನ ಉತ್ತರ ಒತ್ತುತ್ತಾ ಹೋಗಿ ಕ್ರೆಡಿಟ್ ಗಳಿಸುವುದು. ಸಂಖ್ಯೆಯೇನೋ ತುಂಬುತ್ತದೆ, ಆದರೆ ಬೀಜಗಣಿತ ಮಾತ್ರ ಬಂದಿರುವುದಿಲ್ಲ.

ನಮ್ಮ ಕರ್ನಾಟಕದಲ್ಲಿ ಇಂಥ ದಾರಿಗಳೇ ಇಲ್ಲವೆಂದರೆ ತಪ್ಪಾಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ವಿಜ್ಞಾನ ಹೋದವನು ಆ ಎರಡನ್ನೇ ಬರೆದರೆ ಸಾಕು, ಉಳಿದ ನಾಲ್ಕು ಪಾಸಾಗಿಯೇ ಇರುತ್ತವೆ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬೇರೆ. ಒಂಬತ್ತರಲ್ಲೇ ಬಿಟ್ಟವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್ ಇದೆ. 14 ವರ್ಷ ತುಂಬಿದ್ದರೆ ಸೇರಬಹುದು. ಐದು ವಿಷಯ, ಪಾಸಾಗಲು ಶೇ. 33. ನೋಂದಣಿ ಐದು ವರ್ಷ ನಡೆಯುತ್ತದೆ, ಅಷ್ಟರಲ್ಲಿ ಒಂಬತ್ತು ಸಲ ಪರೀಕ್ಷೆಗೆ ಕೂರಬಹುದು. ಬೋರ್ಡಿನಲ್ಲಿ ಪಾಸಾದ ಎರಡು ವಿಷಯಗಳವರೆಗೆ ಅಂಕಗಳನ್ನು ಅಲ್ಲಿಗೆ ವರ್ಗಾಯಿಸಿಕೊಳ್ಳಲೂ ಬರುತ್ತದೆ.

ಇಷ್ಟಿದ್ದರೂ ಊರಲ್ಲಿ ಹಾಗೆ ಎರಡು ವಿಷಯ ಹೋದ ಹುಡುಗನಿಗೆ "ಡುಮ್ಕಿ ಹೊಡೆದವ" ಎಂಬ ಹೆಸರೇ ಉಳಿಯುತ್ತದೆ. ನಾಲ್ಕು ವಿಷಯ ಗೆದ್ದಿದ್ದಾನೆ ಎಂದು ಹೇಳುವವರಿಲ್ಲ. ಮಾರ್ಕ್ಸ್ ಕಾರ್ಡು ಟ್ರಂಕಿನ ತಳ ಸೇರಿ ಮೂಲೆ ಮಡಚಿ ಹೋಗಿರುತ್ತದೆ. ನನಗೆ ನೋವಾಗುವುದು ಇಲ್ಲಿಯೇ. ಬಾಗಿಲು ತೆರೆದೇ ಇದೆ, ಅಲ್ಲಿಗೆ ಕೈಹಿಡಿದು ಕರೆದೊಯ್ಯುವವರಿಲ್ಲ.

ಮನೆಯಲ್ಲಿ ಅಂಥ ಮಗುವಿದ್ದರೆ ಆ ಕಾರ್ಡು ಹೊರತೆಗೆದು, ಪಾಸಾದ ವಿಷಯಗಳನ್ನು ಪೆನ್ಸಿಲಿನಲ್ಲಿ ಗುರುತಿಸಿ ಅವನಿಗೇ ತೋರಿಸಿ. ಬಾಕಿ ಇರುವ ವಿಷಯಕ್ಕೆ ಅರ್ಜಿ ಹೋಗುವುದು ಅವನು ಓದಿದ ಶಾಲೆಯಿಂದಲೇ, ಹಾಗಾಗಿ ಹೆಡ್‌ಮಾಸ್ಟರನ್ನು ಕಾಣಲೇಬೇಕು. ಹೆಚ್ಚಿನವರು ಹಿಂದೆ ಸರಿಯುವುದು ಆ ಗೇಟಿನ ಹತ್ತಿರವೇ. ಅಪ್ಪನೋ ಅಕ್ಕನೋ ಜೊತೆಗೆ ಹೋಗಿ. ಕೊನೆಯ ದಿನಾಂಕಕ್ಕೆ ಎರಡು ವಾರ ಇರುವಾಗಲೇ ಹೋದರೆ, ಹೆಸರಿನ ಅಕ್ಷರ ತಪ್ಪಿದ್ದರೂ ತಿದ್ದಿಸಲು ಸಮಯ ಸಿಗುತ್ತದೆ.