ಪಟ್ಟಾಭಿಷೇಕದ ಪದಕ, ಬಸವನಗುಡಿಯ ಪ್ರಶ್ನೆ

ಇಂಗ್ಲೆಂಡಿನಲ್ಲಿ ನಮ್ಮ ಬೀದಿಯಲ್ಲೇ ಇರುವ ಅಗ್ನಿಶಾಮಕ ದಳದ ನೌಕರರೊಬ್ಬರಿಗೆ ಮೂರನೆಯ ಚಾರ್ಲ್ಸ್ ದೊರೆಯ ಪಟ್ಟಾಭಿಷೇಕದ ಪದಕ ಬಂದ ಸಂಗತಿಯನ್ನು, ರಜೆಗೆ ಬೆಂಗಳೂರಿಗೆ ಬಂದಿದ್ದಾಗ, ಬಸವನಗುಡಿಯ ನಮ್ಮ ಸೋದರಮಾವನವರಿಗೆ ಹೇಳಿದೆ. ‘ಹಾಗಾದ್ರೆ ಇನ್ಮೇಲೆ ಅವರನ್ನ ಸರ್ ಅಂತ ಕರೀಬೇಕೇನಪ್ಪಾ?’ ಎಂದರು. ಸರ್ ಪುಟ್ಟಣ್ಣ ಚೆಟ್ಟಿ ಪುರಭವನದ ಮುಂದೆ ಬಸ್ಸು ಹಿಡಿದು, ಸರ್ ಎಂ. ವಿ. ಅವರ ಕಥೆಗಳನ್ನು ಕೇಳುತ್ತ ಬೆಳೆದ ಬೆಂಗಳೂರಿಗರಿಗೆ, ಅರಸರು ಕೊಟ್ಟದ್ದೆಂದರೆ ಬಿರುದೇ ಇರಬೇಕು ಎಂದು ತೋರುವುದು ಸಹಜ.

ಆದರೆ ಈ ಪದಕಕ್ಕೂ ಬಿರುದಿಗೂ ಸಂಬಂಧವಿಲ್ಲ. 2023ರ ಮೇ 6ರಂದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನಡೆದ ಪಟ್ಟಾಭಿಷೇಕದ ನೆನಪಿಗೆ 4 ಲಕ್ಷಕ್ಕೂ ಹೆಚ್ಚು ಜನರಿಗೆಂದು ಅದನ್ನು ಮಾಡಿಸಲಾಯಿತು. ಸೈನಿಕರು, ಪೊಲೀಸರು, ಅಗ್ನಿಶಾಮಕ ದಳದವರು, ಆಂಬುಲೆನ್ಸ್ ಸಿಬ್ಬಂದಿ, ಸೆರೆಮನೆಯ ನೌಕರರು ಆ ದಿನಕ್ಕೆ ಐದು ವರ್ಷದ ಸೇವೆ ಪೂರೈಸಿ ಕೆಲಸದಲ್ಲಿದ್ದರೆ ಸಾಕಿತ್ತು. ಯಾರು ಹೆಚ್ಚು, ಯಾರು ಕಡಿಮೆ ಎಂದು ಅಳೆಯುವವರಿಲ್ಲ. ಹೆಸರಿನ ಹಿಂದೆ ಮುಂದೆ ಸೇರಿಸಿಕೊಳ್ಳಲು ಅಕ್ಷರಗಳೂ ಇಲ್ಲ. ‘ಸರ್’ ಎನಿಸುವ ನೈಟ್ ಪದವಿಯೂ ಅದಕ್ಕಿಂತ ಕೆಳಗಿನ ಎಂ.ಬಿ.ಇ., ಒ.ಬಿ.ಇ.ಗಳೂ ಬರುವುದು ಹೊಸ ವರ್ಷಕ್ಕೆ ಮತ್ತು ಜೂನ್‌ನಲ್ಲಿ ದೊರೆಯ ಅಧಿಕೃತ ಜನ್ಮದಿನಕ್ಕೆ ಹೊರಡುವ ಪಟ್ಟಿಗಳಲ್ಲಿ. ಅದಕ್ಕೆ ನಾಮನಿರ್ದೇಶನ, ಸಮಿತಿಗಳ ಪರಿಶೀಲನೆ, ಒಪ್ಪುವಿರಾ ಎಂದು ಮೊದಲೇ ಗುಟ್ಟಾಗಿ ಕೇಳುವ ಪತ್ರ, ಎಲ್ಲವೂ ಉಂಟು.

ಹಿಂದಿನ ಪಟ್ಟಾಭಿಷೇಕಗಳಲ್ಲಿ ಬಿರುದುಗಳದೇ ಪ್ರತ್ಯೇಕ ಪಟ್ಟಿ ಹೊರಡುತ್ತಿತ್ತು. ಏಳನೆಯ ಎಡ್ವರ್ಡ್‌ಗೆ 1902ರ ಜೂನ್ 26ಕ್ಕೆ ಮುಹೂರ್ತ ಗೊತ್ತಾಗಿತ್ತು. ಅಪೆಂಡಿಸೈಟಿಸ್‌ನ ಶಸ್ತ್ರಚಿಕಿತ್ಸೆಯಿಂದಾಗಿ ಸಮಾರಂಭವನ್ನು ಆಗಸ್ಟ್ 9ಕ್ಕೆ ಮುಂದೂಡಬೇಕಾಯಿತು. ಗೌರವಗಳ ಪಟ್ಟಿ ಮಾತ್ರ ಜೂನ್ 26ರಂದೇ ಪ್ರಕಟವಾಯಿತು. ಕಾಯುವ ಕಷ್ಟ ದೊರೆಗೇ ಇರಲಿ ಎಂದುಕೊಂಡರೇನೋ! ಆರ್ಥರ್ ಕಾನನ್ ಡಾಯ್ಲ್ ‘ಸರ್’ ಆದದ್ದು ಆ ಪಟ್ಟಿಯಿಂದಲೇ. ಏಕಕಾಲಕ್ಕೆ 24 ಸದಸ್ಯರನ್ನು ಮೀರದ ‘ಆರ್ಡರ್ ಆಫ್ ಮೆರಿಟ್’ ಎಂಬ ಗೌರವ ಹುಟ್ಟಿದ್ದೂ ಆಗಲೇ. ತಮಿಳುನಾಡಿನಲ್ಲಿ ಹುಟ್ಟಿದ ವಿಜ್ಞಾನಿ ವೆಂಕಿ ರಾಮಕೃಷ್ಣನ್ ಇಂದು ಅದರ ಸದಸ್ಯರು.

ಐದನೆಯ ಜಾರ್ಜ್‌ಗಾಗಿ 1911ರ ಡಿಸೆಂಬರ್ 12ರಂದು ನಡೆದ ದೆಹಲಿ ದರ್ಬಾರಿನ ಪದಕವನ್ನು ಚಿನ್ನದಲ್ಲಿ 200, ಬೆಳ್ಳಿಯಲ್ಲಿ ಸುಮಾರು 30 ಸಾವಿರ ಅಚ್ಚು ಹಾಕಿಸಿದರು. ಚಿನ್ನದವು ಸಂಸ್ಥಾನಗಳ ಅರಸರಿಗೂ ಅತಿ ಹಿರಿಯ ಅಧಿಕಾರಿಗಳಿಗೂ ಹೋದವು. ನಮ್ಮ ವಿಶ್ವೇಶ್ವರಯ್ಯನವರಿಗೆ ‘ಸರ್’ಗಿಂತ ಕೆಳಗಿನ ಗೌರವವಾದ ಸಿ.ಐ.ಇ. ಬಂದದ್ದು ಅದೇ ವರ್ಷ. ಅವರು ‘ಸರ್’ ಆದದ್ದು 1915ರಲ್ಲಿ. ಸಿಂಹಾಸನ ಯಾರ ಹೆಗಲ ಮೇಲೆ ನಿಂತಿದೆ ಎಂದು ಅರಮನೆ ಆಯಾ ಕಾಲಕ್ಕೆ ಭಾವಿಸಿತ್ತೋ ಅವರ ಹೆಸರುಗಳನ್ನು ಇಂಥ ಪಟ್ಟಿಗಳಲ್ಲಿ ಓದಬಹುದು ಎಂಬುದು ನನ್ನ ಎಣಿಕೆ. ಆರನೆಯ ಜಾರ್ಜ್‌ನ ಪಟ್ಟಾಭಿಷೇಕವಾದ 1937ರಲ್ಲಿ ಸುಮಾರು 90 ಸಾವಿರ, 1953ರಲ್ಲಿ ಸುಮಾರು 1 ಲಕ್ಷ 38 ಸಾವಿರವಾದ ಪದಕಗಳು ಈಗ 4 ಲಕ್ಷ ದಾಟಿವೆ. ಅರಸರ ಜಾಗಕ್ಕೆ ಆಂಬುಲೆನ್ಸ್‌ನವರು ಬಂದಿದ್ದಾರೆ.

1953ರದು ಇನ್ನಷ್ಟು ಸ್ವಾರಸ್ಯದ ಪ್ರಸಂಗ. ಎವರೆಸ್ಟ್ ಏರಿದ ಸುದ್ದಿ ಲಂಡನ್ನಿನಲ್ಲಿ ಹರಡಿದ್ದು ರಾಣಿ ಎಲಿಜಬೆತ್ ಅವರ ಪಟ್ಟಾಭಿಷೇಕದ ದಿನವಾದ ಜೂನ್ 2ರ ಬೆಳಿಗ್ಗೆ. ಹಿಲರಿ ಮತ್ತು ತಂಡದ ನಾಯಕ ಹಂಟ್ ಇಬ್ಬರೂ ‘ಸರ್’ ಆದರು. ಹಿಲರಿಯೊಡನೆ ಒಂದೇ ಹಗ್ಗಕ್ಕೆ ಬಿಗಿದುಕೊಂಡು ತುದಿ ಮುಟ್ಟಿದ ತೇನ್‌ಸಿಂಗ್ ಅವರಿಗೆ ಸಂದದ್ದು ಧೈರ್ಯಕ್ಕೆಂದು ಕೊಡುವ ಜಾರ್ಜ್ ಪದಕ. ಇದನ್ನು ಓದಿದಾಗಲೆಲ್ಲ ನನಗೆ ಮನಸ್ಸು ಕಹಿಯಾಗುತ್ತದೆ. ಆದರೆ ಪಟ್ಟಾಭಿಷೇಕದ ಪದಕವನ್ನು, ಅಂಚಿನಲ್ಲಿ ‘ಮೌಂಟ್ ಎವರೆಸ್ಟ್ ಎಕ್ಸ್‌ಪೆಡಿಷನ್’ ಎಂದು ಕೆತ್ತಿಸಿ, ತಂಡದ 37 ಜನರಿಗೂ ಕೊಟ್ಟರು. ಬಿರುದು ಮಾಡಿದ ಭೇದವನ್ನು ಈ ಪದಕ ಮಾಡಲಿಲ್ಲ.

ಮಾವನವರ ಮುಂದಿನ ಪ್ರಶ್ನೆ ‘ನಿನಗೆ ಕೊಟ್ರೆ?’ ಎಂಬುದಾಗಿತ್ತು. ನನ್ನ ಬಳಿ ಇರುವುದು ಭಾರತದ ಪಾಸ್‌ಪೋರ್ಟು. ಭಾರತದ ಪ್ರಜೆ ಯಾವುದೇ ವಿದೇಶಿ ರಾಷ್ಟ್ರದ ಬಿರುದನ್ನು ಸ್ವೀಕರಿಸಬಾರದೆಂದು ಸಂವಿಧಾನದ 18ನೇ ವಿಧಿ ಹೇಳುತ್ತದೆ. ನಮ್ಮ ಪದ್ಮ ಪ್ರಶಸ್ತಿಗಳನ್ನು ಸಹ ಹೆಸರಿಗೆ ಅಂಟಿಸಿಕೊಳ್ಳುವಂತಿಲ್ಲವೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಬ್ರಿಟನ್ನಿನವರು ಕೂಡ ಇಂಥ ವಿದೇಶಿಯರಿಗೆ ಕೊಡುವುದು ಗೌರವಾರ್ಥದ ಪದವಿಯನ್ನು ಮಾತ್ರ. 2024ರಲ್ಲಿ ಉದ್ಯಮಿ ಸುನಿಲ್ ಮಿತ್ತಲ್ ಅವರಿಗೆ ಹಾಗೆ ಕೆ.ಬಿ.ಇ. ಎಂಬ ನೈಟ್ ಪದವಿ ಬಂದರೂ ಅವರು ‘ಸರ್’ ಆಗಲಿಲ್ಲ.

ಇಷ್ಟು ಅಗಲವಾದ ಪದಕದ ಪಟ್ಟಿಯಲ್ಲಿಯೂ ಆಸ್ಪತ್ರೆಯ ವಾರ್ಡುಗಳ ದಾದಿಯರಿಗೆ ಸ್ಥಾನವಿರಲಿಲ್ಲ. ರೋಗಿಯನ್ನು ಕರೆತಂದ ಆಂಬುಲೆನ್ಸ್‌ನವರಿಗೆ ಉಂಟು, ರಾತ್ರಿಯಿಡೀ ಆ ರೋಗಿಯನ್ನು ನೋಡಿಕೊಂಡವರಿಗೆ ಇಲ್ಲ. ಬೆಂಗಳೂರಿನಲ್ಲಿ ಕಲಿತು ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ದುಡಿಯುತ್ತಿರುವ ಪರಿಚಿತ ದಾದಿಯೊಬ್ಬರ ಬಳಿ ಈ ಮಾತೆತ್ತಿದಾಗ, ‘ಪದಕ ಯಾರಿಗೆ ಬೇಕಿತ್ತು, ಅಣ್ಣಾ? ಸಂಬಳ ಜಾಸ್ತಿ ಮಾಡಿ ಅಂತ ತಾನೇ ನಾವು ಕೇಳ್ತಿದ್ದದ್ದು’ ಎಂದರು. ಪಟ್ಟಾಭಿಷೇಕಕ್ಕೆ ಐದು ದಿನ ಮುಂಚೆ, ಮೇ 1ರಂದು, ಇಂಗ್ಲೆಂಡಿನ ದಾದಿಯರು ಮುಷ್ಕರದಲ್ಲಿದ್ದರು.